ಬೆಂಡೋಲೆಯ ದೆವ್ವ

ನಮ್ಮ ಕೇಂದ್ರಕ್ಕೆ ಬಂದವರು ಬಾಯಿ ತೆರೆಯಬೇಕಾಗಿಲ್ಲ. ಹಲ್ಲಿನ ಡಾಕ್ಟರು ಪುಟ್ಟ ಕನ್ನಡಿ ಹಿಡಿದು ‘ಆ ಅನ್ನಿ’ ಎನ್ನುತ್ತಿದ್ದ ಕಾಲ ಹೋಗಿ ಒಂಬತ್ತು ವರ್ಷವಾಯಿತು. ಘಟಪ್ರಭೆಯ ದಂಡೆಯ ನಮ್ಮ ತಾಲ್ಲೂಕಿನಲ್ಲಿ ಈಗ ಹದಿನೆಂಟು ಗೂಡುಗಳಿವೆ. ಬಸ್ ನಿಲ್ದಾಣದಲ್ಲಿ ಒಂದು, ಸಂತೆ ಮೈದಾನದಲ್ಲಿ ಒಂದು, ಹೀಗೆ. ಒಳಗೆ ಹೋಗಿ ನಿಂತರೆ ಗದ್ದಕ್ಕೊಂದು ಆಸರೆ, ಕಚ್ಚಿಕೊಳ್ಳಲು ಒಂದು ಪ್ಲಾಸ್ಟಿಕ್ ಕಡ್ಡಿ. ಯಂತ್ರದ ತೋಳು ತಲೆಯ ಸುತ್ತ ಒಮ್ಮೆ ಬಂದು ಹೋಗುತ್ತದೆ. ಹನ್ನೊಂದು ಸೆಕೆಂಡು, ಅಷ್ಟೇ. ಜನ ಇದನ್ನು ಕಚ್ಚು ಮಶೀನು ಎನ್ನುತ್ತಾರೆ. ಸರ್ಕಾರ ಇಟ್ಟ ಹೆಸರು ಉದ್ದವಾಗಿದೆ, ನನಗೂ ಪೂರ್ತಿ ನೆನಪಿಲ್ಲ.

ತೆಗೆದ ಪಟ ನಮ್ಮ ಕೇಂದ್ರದ ಕಂಪ್ಯೂಟರಿಗೆ ಬರುತ್ತದೆ. ದುಂಡಗಿನ ದವಡೆಯನ್ನು ಬಿಡಿಸಿ, ಆ ತುದಿಯಿಂದ ಈ ತುದಿಯವರೆಗೆ ಉದ್ದ ಪಟ್ಟಿಯಂತೆ ಹಾಸಿದ ಪಟ ಅದು. ಅದನ್ನು ಓದುವುದು ಮನುಷ್ಯರಲ್ಲ. ಕಂಪ್ಯೂಟರಿನೊಳಗೆ ಓದುವ ಆ ಲೆಕ್ಕಾಚಾರಕ್ಕೆ ನಾವು ‘ಮಾಸ್ತರ’ ಎಂದು ಹೆಸರಿಟ್ಟಿದ್ದೇವೆ, ಎಲ್ಲರ ದವಡೆಯನ್ನೂ ತಿದ್ದಿ ಪಾಸು ನಾಪಾಸು ಮಾಡುತ್ತದೆಂದು. ಪಾಸಾದವರಿಗೆ ಹಸಿರು ಕಾರ್ಡು, ಅನುಮಾನವಿದ್ದರೆ ಹಳದಿ, ಕೆಟ್ಟದ್ದಿದ್ದರೆ ಕೆಂಪು. ತಂಬಾಕು, ಗುಟ್ಕಾ ತಿಂದು ಬಾಯಿ ಹುಣ್ಣು ಮಾಡಿಕೊಂಡು ಸಾಯುತ್ತಿದ್ದ ಈ ಸೀಮೆಯಲ್ಲಿ ಮಾಸ್ತರ ಬಂದ ಮೇಲೆ ಸಾವು ಅರ್ಧಕ್ಕರ್ಧ ಕಡಿಮೆಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರವನ್ನು ಬೈಯಲು ನಾನು ಕುಳಿತಿಲ್ಲ. ತಪ್ಪು ಯಂತ್ರದ್ದಲ್ಲ.

ನನ್ನ ಹೆಸರು ದಾನಮ್ಮ ಹೂಗಾರ. ಹದಿನೆಂಟು ಗೂಡುಗಳ ಉಸ್ತುವಾರಿ ನನ್ನದು.

ಶ್ರಾವಣ ಹಿಡಿದ ವಾರ. ಬೆಳಗಿನ ಹೊತ್ತು ನಮ್ಮವ್ವ ಕಸ್ತೂರವ್ವ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಕಟಕ್ ರೊಟ್ಟಿಯನ್ನು ಕಟ್ಟಿಸಿಕೊಂಡ ಸೆಟ್ ಹಲ್ಲಿನಲ್ಲೇ ಕಟಕಟ ಮುರಿದು ತಿನ್ನುವ ಹೆಂಗಸು ಅವಳು. ಹಾಲಿನಲ್ಲಿ ಅದ್ದಿದ್ದನ್ನು ನೋಡಿ ನನಗೆ ನಗು ಬಂತು.

“ಯಾಕಬೇ, ಕೂಸಿನಂಗ ಹಾಲ ರೊಟ್ಟಿ ನಡಸೀದಿ?”

“ಈ ಸೆಟ್ ಮತ್ತ ಒತ್ತಾಕ ಹತ್ತೇತಿ” ಎಂದಳು. “ಬಲಗಡಿ ಮ್ಯಾಲ. ಸೆಟ್ ಸಣ್ಣದಾಗೇತಿ ನೋಡ.”

ಅದು ನಾಲ್ಕನೆಯ ಸಲ. ಮೂರು ಸಲ ಸೆಟ್ಟನ್ನು ನಾನೇ ಒಯ್ದು ಸೆಟ್ ಮಾಡುವವನ ಬಳಿ ಉಜ್ಜಿಸಿ ತಂದಿದ್ದೆ. ಮೂರನೆಯ ಸಲ ಅವನು ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, “ಬಾಯರ, ಸೆಟ್ ಹಂಗ ಐತ್ರಿ. ಬಾಯಿ ಬದಲಾಗೇತಿ” ಎಂದಿದ್ದ. ನಾನು ಅವನಿಗೆ ದವಡೆ ಕೇಂದ್ರದವಳ ಗತ್ತಿನಲ್ಲಿ ಒಂದು ಮಾತು ಹೇಳಿ ಬಂದಿದ್ದೆ. ಅವ್ವನಿಗೆ ಹಸಿರು ಕಾರ್ಡ್ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದು ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲೇ ಇತ್ತು.

ಅವ್ವ ತಲೆ ಎತ್ತಿದಾಗ ಬಲಗೆನ್ನೆಯ ಮೇಲೆ ಒದ್ದೆ ರೊಟ್ಟಿಯ ತುಣುಕೊಂದು ಅಂಟಿತ್ತು.

“ಕೆನ್ನಿ ಒರಸಿಕೊ” ಎಂದೆ.

ಅವಳು ಎಡಗೆನ್ನೆ ಒರೆಸಿದಳು. “ಆ ಕಡಿ ಅಲ್ಲ, ಈ ಕಡಿ” ಎಂದೆ. ಬಲಗೆನ್ನೆಯ ಮೇಲೆ ಬೆರಳಾಡಿಸಿದಳು. ತುಣುಕು ಬೆರಳಿಗೆ ತಾಗಿತು, ಆದರೂ ಅವಳ ಮುಖದಲ್ಲಿ ತಿಳಿದ ಗುರುತಿಲ್ಲ. ಬೆರಳು ಕಣ್ಣೆದುರು ಹಿಡಿದು ನೋಡಿದ ಮೇಲೇ ಗೊತ್ತಾಯಿತು.

“ಅಲ್ಲಿ ಒಂದೀಟು ಜೋಮು ಹಿಡದೈತಿ” ಎಂದಳು, ಊರಿನ ಯಾರದೋ ಸುದ್ದಿ ಹೇಳುವಂತೆ. “ಯುಗಾದಿಯಿಂದ ಹಂಗ ಐತಿ.”

ಕೈಯಲ್ಲಿದ್ದ ಚಹಾದ ಬಸಿಯನ್ನು ನಾನು ಕೆಳಗಿಟ್ಟೆ. ಹಲ್ಲಿಲ್ಲದ ಕಡೆ ಸೆಟ್ ಒತ್ತಿದರೆ ನೋಯುತ್ತದೆ, ಹುಣ್ಣಾಗುತ್ತದೆ. ಕಣ್ಣ ಕೆಳಗಿನ ಕೆನ್ನೆ ಜೋಮು ಹಿಡಿಯುವುದಿಲ್ಲ. ತರಬೇತಿಯ ಮೊದಲ ವಾರದಲ್ಲಿ ನಮಗೆ ಕಲಿಸಿದ್ದು ಇದು. ಕೆನ್ನೆಯ ಎಲುಬಿನೊಳಗೆ ಗಾಳಿ ತುಂಬಿದ ಒಂದು ಪೊಳ್ಳು ಕೋಣೆ ಇದೆ, ಮೇಲ್ದವಡೆಯ ಹಲ್ಲುಗಳ ಬೇರಿಗೆ ಅದೇ ಮಾಳಿಗೆ. ಅಲ್ಲಿ ಏನಾದರೂ ಬೆಳೆದರೆ ಬಹಳ ದಿನ ಸದ್ದಿರುವುದಿಲ್ಲ. ಮೊದಲು ಹಲ್ಲು ಸಡಿಲಾಗುತ್ತದೆ, ಇಲ್ಲವೆ ಸೆಟ್ ಕೂಡುವುದಿಲ್ಲ. ಆಮೇಲೆ ಕೆನ್ನೆ ಜೋಮು. ಆಮೇಲೆ ಒಂದೇ ಕಣ್ಣಿನಲ್ಲಿ ನೀರು.

ಅವ್ವ ಸೆರಗಿನಿಂದ ಬಲಗಣ್ಣು ಒರೆಸಿಕೊಂಡಳು. ಒಲೆಯ ಹೊಗೆಗೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಒಲೆ ಹೋಗಿ ಎಷ್ಟೋ ವರ್ಷವಾಗಿದೆ ಎಂದು ಆಮೇಲೆ ನೆನಪಾಯಿತು.

“ಹಸರ ಕಾರ್ಡ್ ಐತಲ್ಲ” ಎಂದಳು ಅವ್ವ, ನನ್ನ ಮುಖ ನೋಡಿ. ಧೈರ್ಯ ಹೇಳಬೇಕಾದವಳು ನಾನು. ಹೇಳಿದವಳು ಅವಳು.

ಕೇಂದ್ರ ತಲುಪಿದಾಗ ಒಂಬತ್ತೂವರೆ. ಗೂಡುಗಳಿಂದ ಪಟ ಬರಲು ಶುರುವಾಗಿತ್ತು. ಪರದೆಯ ಮೇಲೆ ಹೆಸರು, ಅದರ ಮುಂದೆ ಹಸಿರು ಚುಕ್ಕಿ. ಹೆಸರು, ಹಸಿರು ಚುಕ್ಕಿ. ಪಟಗಳನ್ನು ನಾವು ತೆರೆದು ನೋಡುವ ರೂಢಿಯೇ ಇರಲಿಲ್ಲ. ಅವ್ವನ ಪಟ ತೆರೆಯಲು ಯಾವ ಗುಂಡಿ ಒತ್ತಬೇಕೆಂದು ನೆನಪು ಮಾಡಿಕೊಳ್ಳಬೇಕಾಯಿತು ಎಂದರೆ ನೀವೇ ಅರ್ಥ ಮಾಡಿಕೊಳ್ಳಿ.

ಪಟ ಚೊಕ್ಕವಾಗಿತ್ತು. ಎರಡೂ ಕಡೆಯ ಗಾಳಿಕೋಣೆಗಳು ಕಪ್ಪಗೆ, ಎಂದರೆ ಗಾಳಿ ತುಂಬಿಕೊಂಡು ಇರಬೇಕಾದ ಹಾಗೆಯೇ ಇದ್ದವು. ತಳದಲ್ಲಿ ತೆಳ್ಳನೆಯ ಬಿಳಿ ಗೆರೆ, ಅದೇ ಆ ಕೋಣೆಯ ನೆಲದ ಎಲುಬು, ಎರಡೂ ಕಡೆ ಎಲ್ಲೂ ಮುರಿಯದೆ ಹರಿದಿತ್ತು. ನಾನು ಉಸಿರು ಬಿಟ್ಟೆ. ಮುಚ್ಚಲು ಕೈ ಹೋಯಿತು.

ಆಗ ಬೇರು ಕಾಣಿಸಿತು.

ಅವ್ವನ ಎಡಗಡೆಯ ಮೇಲಿನ ದವಡೆಹಲ್ಲು ಕೀಳಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹಲ್ಲು ಮುರಿದು ಒಂದು ಬೇರಿನ ತುದಿ ಒಳಗೇ ಉಳಿಯಿತು. ಗಾಳಿಕೋಣೆಗೆ ಹತ್ತಿರವಿದೆ, ಇರಲಿ ಬಿಡಿ ಎಂದಿದ್ದರು. ಅಕ್ಕಿಕಾಳಿನಷ್ಟು, ತುದಿ ಕೊಂಚ ಸೊಟ್ಟ. ಪಟದಲ್ಲಿ ಅದು ಎಡಗಡೆ ಇತ್ತು. ಬಲಗಡೆಯಲ್ಲೂ ಇತ್ತು. ಅಷ್ಟೇ ಉದ್ದ, ಅಷ್ಟೇ ಸೊಟ್ಟ, ತಿರುಗಿಸಿ ಇಟ್ಟ ಹಾಗೆ.

ಬಲಗಡೆಯ ಹಲ್ಲು ಇಡಿಯಾಗಿ ಬಂದಿತ್ತು. ಅವ್ವ ಅದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ನಮಗೆಲ್ಲ ತೋರಿಸಿದ್ದಳು.

ಪರದೆಯ ಮುಂದೆ ಎಷ್ಟು ಹೊತ್ತು ಕುಳಿತೆನೋ ತಿಳಿಯದು.  ಆ ಎರಡನೆಯ ಬೇರು ಎಲ್ಲಿಂದ ಬಂತೆಂದು ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು.

ಇದಕ್ಕೆ ಏಳು ವರ್ಷ ಹಿಂದಕ್ಕೆ ಹೋಗಬೇಕು. ಕ್ಷಕಿರಣದ ಮುಂದೆ ಕಿವಿಯಲ್ಲಿ ಲೋಹ ಇದ್ದರೆ ಅದರ ಸುಳ್ಳು ನೆರಳೊಂದು ಎದುರುಗಡೆಯ ಕೆನ್ನೆಯ ಮೇಲೆ, ಸ್ವಲ್ಪ ಎತ್ತರದಲ್ಲಿ, ಅಂಚಿಲ್ಲದ ಬಿಳಿ ಮಬ್ಬಾಗಿ ಬೀಳುತ್ತದೆ. ನಮ್ಮ ಕೆಲಸದವರು ಅದಕ್ಕೆ ದೆವ್ವ ಎನ್ನುತ್ತಾರೆ. ಬಲಗಿವಿಯ ಬೆಂಡೋಲೆಯ ದೆವ್ವ ಎಡಗೆನ್ನೆಯಲ್ಲಿ, ಎಡಗಿವಿಯದ್ದು ಬಲಗೆನ್ನೆಯಲ್ಲಿ. ಮೊದಮೊದಲು ಮಾಸ್ತರ ಈ ದೆವ್ವಗಳನ್ನು ಗಡ್ಡೆ ಎಂದು ತಿಳಿದು ಗಟ್ಟಿಮುಟ್ಟಾದ ಹೆಂಗಸರಿಗೆಲ್ಲ ಕೆಂಪು ಕಾರ್ಡು ಹಂಚಿತು. ಅದಕ್ಕೇ ಗೂಡಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳುತ್ತಿದ್ದೆವು, ‘ಕಿವಿಯಲ್ಲಿರುವುದನ್ನು ತೆಗೆಯಿರಿ’ ಎಂದು.

ಮುತ್ತೈದೆಯರು ತೆಗೆಯಲು ಒಪ್ಪುತ್ತಿರಲಿಲ್ಲ. ಬರಿಗಿವಿಯಲ್ಲಿ ಒಂದು ಗಳಿಗೆಯೂ ಇರಬಾರದಂತೆ. ಅದು ಹೇಗೋ ಮಾತಾಡಿ ನಿಭಾಯಿಸಬಹುದಿತ್ತು. ಕಷ್ಟವಾದದ್ದು ಇನ್ನೊಂದು. ಸಂತೆ ಮೈದಾನದ ಗೂಡಿನಲ್ಲಿ ಒಂದು ದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸಿಗೆ ನಾನು ಅದೇ ಮಾತು ಹೇಳಿದೆ. ತಲೆ ತುಂಬ ಸೆರಗು ಹೊದ್ದಿದ್ದಳು, ಕಿವಿ ಕಾಣುತ್ತಿರಲಿಲ್ಲ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಹಿಂದೆ ಮೂವತ್ತು ಜನ ನಿಂತಿದ್ದರು. “ನನ್ನ ಕಿವ್ಯಾಗ ಏನ ಐತವ್ವ ತಗೀಯಾಕ” ಎಂದು ಸಣ್ಣ ದನಿಯಲ್ಲಿ ಹೇಳಿ ಸಾಲು ಬಿಟ್ಟು ಹೋದಳು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಆ ವಾರದಿಂದ ವಿಧವೆಯರು ಗೂಡಿನ ಹತ್ತಿರವೇ ಬರಲಿಲ್ಲ.

ಆಗ ನಾನೊಂದು ಉಪಾಯ ಹೇಳಿದೆ. ಯಾರನ್ನೂ ಏನೂ ಕೇಳುವುದು ಬೇಡ. ಹೆಂಗಸರೆಲ್ಲರ ಹೆಸರಿನ ಮುಂದೆ ‘ಕಿವಿಯೋಲೆ ಇದೆ’ ಎಂದು ಒಂದು ಗುರುತು ಹಾಕಿಬಿಡೋಣ. ಗುರುತು ಕಂಡರೆ ಮಾಸ್ತರ ದೆವ್ವವನ್ನು ತಾನೇ ಅಳಿಸಿಕೊಳ್ಳಲಿ. ಎರಡು ಕೆನ್ನೆಗಳಲ್ಲಿ ಹೆಚ್ಚು ಸ್ವಚ್ಛವಾದದ್ದು ಯಾವುದೋ ನೋಡಿ, ಅದನ್ನು ತಿರುಗಿಸಿ ಮಬ್ಬಿನ ಜಾಗದಲ್ಲಿ ತುಂಬಲಿ. ಹೊಸ ಯಂತ್ರದ ಪಟದಲ್ಲಿ ಕಿವಿ ಕಾಣುವುದಿಲ್ಲ, ಕಿರಣ ಕಡಿಮೆ ತಾಗಲೆಂದು ಚೌಕಟ್ಟು ಚಿಕ್ಕದು ಮಾಡಿದ್ದಾರೆ. ಹಾಗಾಗಿ ನಿಜವಾಗಿ ಓಲೆ ಇದೆಯೋ ಇಲ್ಲವೋ ನೋಡುವ ದಾರಿ ಮಾಸ್ತರನಿಗಿಲ್ಲ. ನಾವು ಹಾಕಿದ ಗುರುತೇ ಅದಕ್ಕೆ ಕಣ್ಣು.

ವಿಧವೆಯರು ಮತ್ತೆ ಗೂಡಿಗೆ ಬಂದರು. ಎಲ್ಲರೂ ಭೇಷ್ ಎಂದರು. ಹೆಣ್ಣುಮಗಳು ಹೆಣ್ಣುಮಕ್ಕಳ ಮನಸ್ಸು ಅರಿತಳು ಎಂದು ಶಾಲು ಹೊದಿಸಿದರು. ಇಡೀ ಜಿಲ್ಲೆ ನಮ್ಮ ಪದ್ಧತಿಯನ್ನೇ ಹಿಡಿಯಿತು. ಆ ಶಾಲು ಈಗಲೂ ನಮ್ಮ ಟ್ರಂಕಿನಲ್ಲಿದೆ.

ಓಲೆ ಇಲ್ಲದವಳ ಕೆನ್ನೆಯಲ್ಲಿ ಬಿಳಿ ಮಬ್ಬು ಕಂಡರೆ ಅದು ಯಾವುದರ ನೆರಳು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಅಪ್ಪ ತೀರಿಕೊಂಡ ತಿಂಗಳೇ ಅವ್ವ ಬೆಂಡೋಲೆ ಬಿಚ್ಚಿ ನನ್ನ ಕೈಗೆ ಹಾಕಿದ್ದಳು. ಆರು ವರ್ಷದಿಂದ ಅವು ನನ್ನ ಕಿವಿಯಲ್ಲಿವೆ. ವರ್ಷ ವರ್ಷ ಅವ್ವನ ಹೆಸರಿನ ಮುಂದೆ ‘ಇದೆ’ ಎಂದು ಗುರುತು ಹಾಕಿದವಳೂ ನಾನೇ. ಕೈ ತಾನಾಗಿ ಹಾಕುತ್ತಿತ್ತು.

ಮಾಸ್ತರ ತೊಳೆಯುವ ಮುಂಚಿನ ಹಸಿ ಪಟಗಳನ್ನು ಮೂರು ವರ್ಷ ಇಟ್ಟಿರಬೇಕೆಂದು ನಿಯಮವಿದೆ. ಅವನ್ನು ತೆರೆಯಲು ನಸೀಮಾ ಬಾಗವಾನ ಡಾಕ್ಟರ ಹೆಬ್ಬೆಟ್ಟು ಬೇಕು. ಬರಿಗಣ್ಣಿನಲ್ಲಿ ದವಡೆಯ ಪಟ ಓದಲು ಕಲಿತವರಲ್ಲಿ ನಮ್ಮ ಜಿಲ್ಲೆಗೆ ಉಳಿದವರು ಅವರೊಬ್ಬರೇ. ಈಗ ಅವರ ಕೆಲಸ ತಿಂಗಳ ವರದಿಗೆ ಸಹಿ ಹಾಕುವುದು. ನಾನು ಅವರ ಕೋಣೆಗೆ ಹೋದಾಗ ಬುತ್ತಿ ಬಿಚ್ಚುತ್ತಿದ್ದರು.

“ಮೇಡಂ, ನಮ್ಮವ್ವನ ಹಸಿ ಪಟ ನೋಡಬೇಕ್ರಿ” ಎಂದೆ.  ಅವರು ನನ್ನ ಮುಖವನ್ನೊಮ್ಮೆ ನೋಡಿ ಬುತ್ತಿ ಮುಚ್ಚಿದರು.

ಪಟ ತೆರೆಯಿತು. ಬಲಗೆನ್ನೆಯ ಕೋಣೆ ಇರಬೇಕಾದಲ್ಲಿ ಕಪ್ಪು ಇರಲಿಲ್ಲ. ಬಿಳಿ ಮಬ್ಬು ತುಂಬಿಕೊಂಡಿತ್ತು. ಬಲಗಡೆ ಬೇರೂ ಇರಲಿಲ್ಲ.

“ಕಿವ್ಯಾಗ ಬೆಂಡೋಲಿ ಇದ್ದವೇನು?” ಎಂದರು ಡಾಕ್ಟರು.

“ಇಲ್ರಿ.”

“ನಿಮ್ಮ ಗುರುತು ‘ಇದೆ’ ಅಂತೈತಿ.”

“ಇದ್ದಿದ್ದಿಲ್ರಿ. ನನ್ನ ಕಿವ್ಯಾಗ ಅದಾವ ನೋಡ್ರಿ ಅವು.”

ಅವರು ನನ್ನ ಕಿವಿ ನೋಡಿದರು. ಪರದೆ ನೋಡಿದರು. ಆಮೇಲೆ ಪೆನ್ನಿನ ಹಿಂಭಾಗದಿಂದ ಪರದೆಯ ಮೇಲೆ ಎಡಗಡೆಯ ಬಿಳಿ ಗೆರೆಯನ್ನು ತೋರಿಸುತ್ತ ಹೋದರು. ನಡುವೆ ಮೂಗು ದಾಟಿ ಬಲಗಡೆಗೆ ಬಂದರು. ಅಲ್ಲಿ ಗೆರೆ ಒಂದು ಬೆರಳಿನಷ್ಟು ದೂರದವರೆಗೆ ಇತ್ತು, ಆಮೇಲೆ ಇರಲಿಲ್ಲ.

“ದೆವ್ವ ಗೆರಿ ಮ್ಯಾಲ ಕುಂಡ್ರತೈತಿ ದಾನಮ್ಮ” ಎಂದರು ಮೆಲ್ಲಗೆ. “ಗೆರಿ ತಿನ್ನೂದಿಲ್ಲ. ಇದು ತಿಂದೈತಿ.”

 ಹೊರಗೆ ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ನನಗೆ ಭಯವಾಯಿತು. ಅವ್ವ ಸಾಯುತ್ತಾಳೆ ಎನ್ನುವ ಭಯ ಮೊದಲು, ಅದರ ಹಿಂದೆಯೇ, ಕೊಂದವಳು ನಾನೇ ಎನ್ನುವ ಭಯ.

“ಹ್ವಾದ ವರ್ಷದ್ದೂ ತೆಗೀರಿ” ಎಂದೆ. ಡಾಕ್ಟರು ಬೇಡವೆನ್ನುವ ಹಾಗೆ ನೋಡಿದರು. ಆದರೂ ತೆಗೆದರು. ಹೋದ ವರ್ಷದ ಪಟದಲ್ಲಿ ಬಲಗೆನ್ನೆಯ ತಳದಲ್ಲಿ ಹುಣಸೆಬೀಜದಷ್ಟು ಮಬ್ಬು. ಗೆರೆ ಅಲ್ಲಿ ಇನ್ನೂ ಇತ್ತು, ತೆಳುವಾಗಿ. ಆ ವರ್ಷವೂ ಮಾಸ್ತರ ಅದನ್ನು ಅಳಿಸಿತ್ತು, ಒಳ್ಳೆಯ ಕಡೆಯಿಂದ ಎಲುಬು ತಂದು ತುಂಬಿತ್ತು, ಹಸಿರು ಕಾರ್ಡು ಕೊಟ್ಟಿತ್ತು. ನಾವು ಹೇಳಿದ ಕೆಲಸ ಅದು ಚಾಚೂ ತಪ್ಪದೆ ಮಾಡಿತ್ತು.

“ತುಂಡ ತಗದು ಪರೀಕ್ಷಾ ಮಾಡೂತನಾ ನಾ ಏನೂ ಖಾತ್ರಿ ಹೇಳೂದಿಲ್ಲ” ಎಂದರು ಡಾಕ್ಟರು. “ಕಣ್ಣಿನ ಕೆಳಗಿನ ಎಲುಬು ಇನ್ನೂ ಛಲೋ ಕಾಣತೈತಿ. ಅಷ್ಟ ನಮ್ಮ ಪುಣ್ಯ. ನಾಳೆ ಕರಕೊಂಡ ಹೋಗ್ರಿ, ನಾ ಫೋನ್ ಮಾಡ್ತೀನಿ.” ಸ್ವಲ್ಪ ತಡೆದು ಕೇಳಿದರು, “ದಾನಮ್ಮ, ನಮ್ಮ ತಾಲ್ಲೂಕಿನ್ಯಾಗ ಹೆಣ್ಮಕ್ಕಳು ಎಷ್ಟ ಮಂದಿ?”

“ಮೂವತ್ತೊಂದು ಸಾವಿರ.”

“ಬರಿಗಿವಿ ಇದ್ದವರು?”

 ಎಲ್ಲರ ಹೆಸರಿನ ಮುಂದೆಯೂ ‘ಇದೆ’ ಎಂದೇ ಇತ್ತು. ಹಸಿ ಪಟಗಳಲ್ಲಿ ದೆವ್ವ ಯಾವುದು, ರೋಗ ಯಾವುದು ಎಂದು ಒಂದೊಂದನ್ನೂ ಬಿಡಿಸಿ ನೋಡಲು ಜಿಲ್ಲೆಗೆಲ್ಲ ಒಂದೇ ಜೊತೆ ಕಣ್ಣು. ದಿನಕ್ಕೆ ನೂರು ನೋಡಿದರೂ ಹತ್ತು ತಿಂಗಳ ಮೇಲಾಗುತ್ತದೆ. ಅಷ್ಟು ದಿನ ಉಳಿಯದವರೂ ಅವರಲ್ಲಿ ಇರುತ್ತಾರೆ.

“ಮದಲ ಬರಿಗಿವಿ ಯಾರದು ಅಂತ ತಿಳಕೊಳ್ಳೋಣ. ಅವರ ಪಟಾನ ಮದಲ ನೋಡ್ತೀನಿ” ಎಂದರು.

ಮಧ್ಯಾಹ್ನ ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಸೆಟ್ಟನ್ನು ತೆಗೆದು ನೀರಿನ ಲೋಟದಲ್ಲಿ ಹಾಕಿದ್ದಳು. ಸೆಟ್ ಇಲ್ಲದ ಅವಳ ಬಾಯಿ ಕೂಸಿನ ಬಾಯಿಯಂತೆ ಕಾಣುತ್ತಿತ್ತು. ನಾನು ಎದುರು ಕುಳಿತೆ.

“ಯವ್ವ, ಬಾಯಿ ತಗಿ” ಎಂದೆ.

“ಯಾಕ?”

“ತಗಿ ಅಂದ್ರ ತಗಿ.”

ತೆರೆದಳು. ಮೊಬೈಲಿನ ಬೆಳಕು ಹಿಡಿದೆ. ಬಲಗಡೆ ಮೇಲ್ದವಡೆಯ ವಸಡು ಉಬ್ಬಿ, ಒಂದು ಕಡೆ ಕೆಂಪಗೆ ಮೆತ್ತಗಾಗಿತ್ತು. ಸೆಟ್ಟು ಸಣ್ಣದಾಗಿರಲಿಲ್ಲ. ನೋಡಿದ ಯಾರಿಗಾದರೂ ತಿಳಿಯುವಂತಿತ್ತು. ಒಂಬತ್ತು ವರ್ಷದಿಂದ ಅವಳ ಬಾಯಿಯನ್ನು ಯಾರೂ ನೋಡಿರಲಿಲ್ಲ, ದವಡೆ ಕೇಂದ್ರದ ಉಸ್ತುವಾರಿ ಹೊತ್ತ ಮಗಳೂ ನೋಡಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಮಬ್ಬು, ಗೆರೆ, ನಾಳೆ ಹೋಗಬೇಕಾದ ಆಸ್ಪತ್ರೆ, ಬಹುಶಃ ಅರ್ಧ ಮೇಲ್ದವಡೆ ತೆಗೆಯಬೇಕಾಗಬಹುದು ಎನ್ನುವುದು. ಗುರುತಿನ ವಿಷಯ ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕೇಳಿದಳು.

“ಅಲ್ಲ, ನೀ ನನಗ್ಯಾಕ ಕೇಳಲಿಲ್ಲ?” ಎಂದಳು ಕೊನೆಗೆ.

“ನಿನ್ನ ಮನಸಿಗೆ ನೋವ ಆಕ್ಕೈತಿ ಅಂತ. ಯಾರಿಗೂ ಕೇಳಬಾರದು ಅಂತ.”

“ಬರಿಗಿವಿ ಅಂತ ಹೇಳಾಕ ನನಗೇನ ನಾಚಿಕಿ ದಾನಿ?” ಎಂದಳು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. “ಬೆಂಡೋಲಿ ನಿಮ್ಮಪ್ಪನ ಕೂಡ ಹ್ವಾದವು. ಅದು ನನ್ನ ದುಕ್ಕ. ನೀವು ಯಾಕ ಅದಕ್ಕ ಮುಸುಕ ಹಾಕಿದ್ರಿ? ಕೇಳಿದ್ರ ಹೇಳತಿದ್ದೆ. ಮಂದಿ ಮುಂದ ಬ್ಯಾಡ, ಒಳಗ ಕರದು ಕೇಳಿದ್ರ ಸಾಕಿತ್ತು.”

ಅಷ್ಟು ಸುಲಭವಿತ್ತು. ಒಳಗೆ ಕರೆದು ಕೇಳಬಹುದಿತ್ತು. ಏಳು ವರ್ಷದಲ್ಲಿ ನಮಗೆ ಯಾರಿಗೂ ಹೊಳೆಯಲಿಲ್ಲ.

ಅವ್ವ ಎದ್ದು ಜಗುಲಿಯ ಮೇಲಿನ ಹಸಿರು ಕಾರ್ಡು ತಂದು ನನ್ನ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಅದರ ತುದಿಯನ್ನು ಬಿಡಲಿಲ್ಲ. ಅವಳೂ ಹೆದರಿದ್ದಾಳೆ ಎಂದು ತಿಳಿದು ನನಗೆ ಇನ್ನಷ್ಟು ಹೆದರಿಕೆಯಾಯಿತು.

ಅವ್ವನ ತುಂಡಿನ ಪರೀಕ್ಷೆ ಆಯಿತು. ಅಂಜಿದ್ದ ರೋಗವೇ, ಕ್ಯಾನ್ಸರ್. ಗುರುವಾರ ಆಪರೇಷನ್ ಎಂದು ನಿಂತಿದೆ. ಉಳಿಯುತ್ತಾಳೆ ಎನ್ನುತ್ತಾರೆ, ಹೋದ ವರ್ಷವೇ ಗೊತ್ತಾಗಿದ್ದರೆ ಇಷ್ಟು ಕೊಯ್ಯಬೇಕಿರಲಿಲ್ಲ ಎಂದೂ ಹೇಳುತ್ತಾರೆ. ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಗುರುತು ಹಾಕುವ ಪದ್ಧತಿಯನ್ನು ಅಂದೇ ನಿಲ್ಲಿಸಿದೆವು. ಮೇಲಿನವರಿಗೆ ನಾನೇ ಪತ್ರ ಬರೆದು ನನ್ನ ಹೆಸರು ಹಾಕಿದೆ. ಈಗ ಆರು ಜನ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ಫೋನು ಹಿಡಿದು ಕುಳಿತಿದ್ದೇವೆ, ಐವತ್ತು ದಾಟಿದವರಿಂದ ಶುರು ಮಾಡಿ. ಏಳು ವರ್ಷ ನಾವು ಕೇಳದೆ ತಪ್ಪಿಸಿಕೊಂಡ ಪ್ರಶ್ನೆಯನ್ನು ಈಗ ಮೂವತ್ತೊಂದು ಸಾವಿರ ಸಲ ಕೇಳಬೇಕು. ನನ್ನ ಬೆಂಡೋಲೆ ಬಿಚ್ಚಿ ಮೇಜಿನ ಮೇಲೆ, ಫೋನಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅವರನ್ನು ಕೇಳುವಾಗ ನನ್ನ ಕಿವಿ ತುಂಬಿರುವುದು ಸರಿ ಅನ್ನಿಸಲಿಲ್ಲ.

ನನ್ನ ಪಾಲಿನ ಮೊದಲ ನಲವತ್ತೆರಡು ಜನರಲ್ಲಿ ಮೂವತ್ತಾರು ಜನರ ಕಿವಿಯಲ್ಲಿ ಓಲೆ ಇತ್ತು. ಉಳಿದ ಆರು ಜನ ಇಲ್ಲ ಎಂದರು. ಯಾರೂ ಅಳಲಿಲ್ಲ, ಯಾರೂ ಬೈಯಲಿಲ್ಲ. ಅವರ ಹೆಸರು ಬಾಗವಾನ ಡಾಕ್ಟರ ಮೇಜಿಗೆ ಹೋಯಿತು.

ನಲವತ್ತಮೂರನೆಯ ಫೋನನ್ನು ವಯಸ್ಸಾದ ಹೆಂಗಸೊಬ್ಬಳು ಎತ್ತಿದಳು. ನಾನು ಯಾರೆಂದು ಹೇಳಿ, “ಬ್ಯಾಸರ ಮಾಡಿಕೋಬ್ಯಾಡ್ರಿ ಯವ್ವಾರ, ನಿಮ್ಮ ಕಿವ್ಯಾಗ ಏನರೆ ಹಾಕ್ಕೊಂಡೀರೇನ್ರಿ?” ಎಂದು ಕೇಳಿದೆ.

 “ಇಲ್ಲವ್ವ” ಎಂದಳು. “ನಮ್ಮವರು ಹ್ವಾದಾಗಿಂದ ಇಲ್ಲ. ಏಳು ವರ್ಷ ಆತು. ಹಿಂದಕೂ ಒಮ್ಮಿ ಸಂತಿ ಮೈದಾನದಾಗ ಯಾರೋ ಕೇಳಿದ್ರು.”

ಅಂದು ಕೇಳಿದವಳು ನಾನೇ. ಆದರೂ ಕೇಳಬೇಕಾದದ್ದನ್ನು ಕೇಳಿದೆ. “ಕೆನ್ನಿ ಏನರೆ ಜೋಮು ಹಿಡದಂಗ ಆಗೇತೇನ್ರಿ?”

“ಹೌದು ನೋಡವ್ವ, ಎಡಗಡಿ” ಎಂದಳು. “ನಿನಗ ಹ್ಯಾಂಗ ಗೊತ್ತಾತು? ನಮ್ಮ ಮನ್ಯಾಗ ಯಾರೂ ನಂಬವಲ್ರು. ನನ್ನ ಹಂತೇಕ ಹಸರ ಕಾರ್ಡ್ ಐತಿ.”